ದ್ವಿಧ್ರುವಗಳ ಉಂಗುರದಲ್ಲಿ ಸ್ಪಿನ್ ತರಂಗಗಳ ಆವೃತ್ತಿಯನ್ನು ಲೆಕ್ಕ ಹಾಕುವ ಬಗೆ

ಒಂದು ವೃತ್ತದ ಪರಿಧಿಯ ಮೇಲೆ ಸಮಾನ ಅಂತರದಲ್ಲಿ ಚಿಕ್ಕ ಚಿಕ್ಕ ಕಾಂತಕಣಗಳನ್ನು, ಅಂದರೆ ಉತ್ತರ, ದಕ್ಷಿಣ ಎಂಬ ಎರಡು ಧ್ರುವಗಳಿರುವ ದ್ವಿಧ್ರುವಗಳನ್ನು, ಇಟ್ಟಿದ್ದೇವೆ ಎಂದುಕೊಳ್ಳೋಣ. ಕಣಗಳು ಒಂದನ್ನೊಂದು ಮುಟ್ಟುವುದಿಲ್ಲ. ಆದರೂ ಪ್ರತಿಯೊಂದು ಕಣವೂ ಉಳಿದ ಎಲ್ಲ ಕಣಗಳ ಕಾಂತಕ್ಷೇತ್ರದಲ್ಲಿ ಇರುವುದರಿಂದ, ಒಂದರ ದಿಕ್ಕನ್ನು ಸ್ವಲ್ಪ ಓಲಿಸಿದರೆ ಆ ಓಲಾಟ ಪಕ್ಕದ ಕಣಕ್ಕೆ ದಾಟಿ, ಅಲ್ಲಿಂದ ಮುಂದಿನದಕ್ಕೆ ಹೋಗಿ, ಉಂಗುರವನ್ನು ಸುತ್ತಿ ಬರುತ್ತದೆ. ಇದೇ ಸ್ಪಿನ್ ತರಂಗ. ಭೌತವಿಜ್ಞಾನಿ ಫೆಲಿಕ್ಸ್ ಬ್ಲಾಕ್ 1930ರಲ್ಲಿ ಈ ಕಲ್ಪನೆಯನ್ನು ಮುಂದಿಟ್ಟಾಗ ಅವರ ಗಮನ ಇದ್ದದ್ದು ಸ್ಫಟಿಕದೊಳಗೆ ನೆರೆಯ ಪರಮಾಣುಗಳ ನಡುವೆ ನಡೆಯುವ ವಿನಿಮಯ ಅಂತರಕ್ರಿಯೆಯ ಮೇಲೆ. ಇಲ್ಲಿ ಅದು ಇಲ್ಲ, ಇರುವುದು ದೂರದಿಂದಲೇ ಕೆಲಸ ಮಾಡುವ ದ್ವಿಧ್ರುವ ಬಲ ಮಾತ್ರ. ಉಂಗುರಕ್ಕೆ ತುದಿಗಳಿಲ್ಲದಿರುವುದರಿಂದ ಸುತ್ತಿನೊಳಗೆ ಪೂರ್ಣ ಸಂಖ್ಯೆಯ ಅಲೆಗಳು ಮಾತ್ರ ಕೂರಬಲ್ಲವು. ಹೀಗಾಗಿ ಎಷ್ಟು ಕಣಗಳಿವೆಯೋ ಅಷ್ಟೇ ಮೋಡ್‌ಗಳು, ಅಂದರೆ ಇಡೀ ಉಂಗುರ ಒಂದೇ ಆವೃತ್ತಿಯಲ್ಲಿ ಓಲಾಡುವ ಬಗೆಗಳು, ಇರುತ್ತವೆ. ಆರು ಕಣಗಳ ಉಂಗುರಕ್ಕಾದರೆ ಒಂದು ಕ್ಯಾಲ್ಕುಲೇಟರ್ ಮತ್ತು ಒಂದು ಹಾಳೆ ಸಾಕು; ಈ ಬರಹ ಅದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಸಾಗುತ್ತದೆ. ಸದಿಶಗಳ ಗುಣಾಕಾರ ಮತ್ತು ಸೈನ್, ಕೋಸೈನ್‌ಗಳ ಬಳಕೆ ಗೊತ್ತಿರುವವರು ಹಿಂಬಾಲಿಸಬಹುದು.

ಮೊದಲು ಅಳತೆಗೋಲನ್ನು ನಿಗದಿ ಮಾಡಿಕೊಳ್ಳಬೇಕು. ಕಾಂತೀಯ ಮೊಮೆಂಟು ಎಂದರೆ ಕಣದ ಕಾಂತತ್ವ ಎಷ್ಟು, ಯಾವ ದಿಕ್ಕಿಗೆ ಎಂದು ಹೇಳುವ ಸದಿಶ. ಒಂದು ಕಣದ ಮೊಮೆಂಟಿನ ಪರಿಮಾಣವನ್ನು ಉಂಗುರದ ತ್ರಿಜ್ಯದ ಘನದಿಂದ ಭಾಗಿಸಿ, ಅದನ್ನು 10⁻⁷ರಿಂದ ಗುಣಿಸಿದರೆ ಟೆಸ್ಲಾದಲ್ಲಿ ಒಂದು ಕ್ಷೇತ್ರ ಸಿಗುತ್ತದೆ. ಇದನ್ನು ‘ಮೂಲ ಕ್ಷೇತ್ರ’ ಎಂದು ಕರೆಯೋಣ. ಇದನ್ನು ಮೊಮೆಂಟಿನಿಂದ ಗುಣಿಸಿದರೆ ಸಿಗುವುದು ‘ಮೂಲ ಶಕ್ತಿ’. ಮುಂದಿನ ಎಲ್ಲ ಸಂಖ್ಯೆಗಳೂ ಈ ಎರಡರ ಗುಣಕಗಳಾಗಿ ಬರುವುದರಿಂದ, ಕಣ ಯಾವ ಲೋಹದ್ದು, ಉಂಗುರ ಎಷ್ಟು ದೊಡ್ಡದು ಎಂಬ ಪ್ರಶ್ನೆಗಳನ್ನು ಕೊನೆಯ ಹೆಜ್ಜೆಯವರೆಗೂ ಬದಿಗಿಡಬಹುದು.

ವಿಶ್ರಾಂತ ಸ್ಥಿತಿಯನ್ನು ಆರಿಸುವುದು

ಎರಡು ದ್ವಿಧ್ರುವಗಳು ಒಂದರ ಹಿಂದೆ ಒಂದರಂತೆ, ತಲೆಗೆ ಬಾಲ ತಾಗುವ ಹಾಗೆ ನಿಂತಾಗ ಅವುಗಳ ನಡುವಿನ ಶಕ್ತಿ −2 ಇದ್ದರೆ, ಅಕ್ಕಪಕ್ಕದಲ್ಲಿ ವಿರುದ್ಧ ದಿಕ್ಕಿಗೆ ಮುಖ ಮಾಡಿದಾಗ ಅದು −1 ಮಾತ್ರ. ಆದ್ದರಿಂದ ಉಂಗುರದಲ್ಲಿ ಪ್ರತಿಯೊಂದು ದ್ವಿಧ್ರುವವೂ ಸ್ಪರ್ಶಕದ ದಿಕ್ಕಿಗೆ ಮಲಗಿ, ಎಲ್ಲವೂ ಸೇರಿ ಒಂದು ಮುಚ್ಚಿದ ಸುಳಿಯಾಗುವುದು ಸಹಜ. ಈ ಸುಳಿ ಸಮತೋಲನದಲ್ಲಿದೆ ಎಂಬುದನ್ನು ತೋರಿಸಲು ಲೆಕ್ಕವೇ ಬೇಡ. ಎಡಗಡೆಯ ನೆರೆಯವನು ತ್ರಿಜ್ಯದ ದಿಕ್ಕಿಗೆ ಎಷ್ಟು ಎಳೆಯುತ್ತಾನೋ ಬಲಗಡೆಯವನು ಅಷ್ಟೇ ಎದುರು ಎಳೆಯುತ್ತಾನೆ. ಆದರೆ ಸಮತೋಲನದಲ್ಲಿರುವುದೇ ಬೇರೆ, ಸ್ಥಿರವಾಗಿರುವುದೇ ಬೇರೆ. ಕೋಲನ್ನು ತುದಿಯ ಮೇಲೆ ನಿಲ್ಲಿಸಿದಾಗಲೂ ಒಂದು ಕ್ಷಣ ಸಮತೋಲನ ಇರುತ್ತದೆ. ಸ್ಥಿರತೆಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕು, ಅದನ್ನು ಕೆಳಗೆ ಮಾಡಲಿದ್ದೇವೆ.

ಈಗ ಅಕ್ಷಗಳ ಆಯ್ಕೆ. ಹೊಸಬರಲ್ಲಿ ಹೆಚ್ಚಿನವರು ಹಾಳೆಯ ಮೇಲೆ ಒಂದು ಅಡ್ಡ ಅಕ್ಷ, ಒಂದು ಉದ್ದ ಅಕ್ಷ ಎಳೆದು ಅಲ್ಲಿಂದಲೇ ಶುರು ಮಾಡುತ್ತಾರೆ. ಹಾಗೆ ಮಾಡಿದರೂ ಉತ್ತರ ಬರುತ್ತದೆ, ಆದರೆ ಕಣಗಳ ನಡುವಿನ ಗುಣಕಗಳನ್ನು ಸಾಲು, ಕಂಬಗಳಲ್ಲಿ ಜೋಡಿಸಿದ ಮಾತೃಕೆಯ ಪ್ರತಿ ಸಾಲೂ ಬೇರೆ ಬೇರೆಯಾಗಿ ಕಾಣಿಸುವುದರಿಂದ ಉಂಗುರದ ಸಮಮಿತಿ ಕಣ್ಣಿಗೆ ಬೀಳುವುದೇ ಇಲ್ಲ. ಪ್ರತಿ ದ್ವಿಧ್ರುವಕ್ಕೂ ಅದರದೇ ಆದ ಮೂರು ದಿಕ್ಕುಗಳನ್ನು ಕೊಡಿ: ಸ್ಪರ್ಶಕದ ದಿಕ್ಕು, ಹೊರಮುಖವಾದ ತ್ರಿಜ್ಯದ ದಿಕ್ಕು, ಉಂಗುರದ ಸಮತಲಕ್ಕೆ ಲಂಬವಾದ ಅಕ್ಷದ ದಿಕ್ಕು. ವಿಶ್ರಾಂತಿಯಲ್ಲಿ ಮೊಮೆಂಟು ಪೂರ್ತಿಯಾಗಿ ಸ್ಪರ್ಶಕದ ಉದ್ದಕ್ಕೆ ಇರುತ್ತದೆ. ತರಂಗ ಎಂದರೆ ತ್ರಿಜ್ಯದ ಕಡೆಗೆ ಒಂದು ಚಿಕ್ಕ ಓಲು, ಅಕ್ಷದ ಕಡೆಗೆ ಇನ್ನೊಂದು ಚಿಕ್ಕ ಓಲು. ಈ ಚೌಕಟ್ಟಿನಲ್ಲಿ ಮಾತೃಕೆಯ ಪ್ರತಿ ಸಾಲೂ ಹಿಂದಿನ ಸಾಲನ್ನು ಒಂದು ಮನೆ ಸರಿಸಿದಂತೆ ಇರುತ್ತದೆ, ಹಾಗಾಗಿ ಐಗನ್ ಮೌಲ್ಯಗಳನ್ನು, ಅಂದರೆ ಪ್ರತಿ ಮೋಡ್‌ಗೂ ಮಾತೃಕೆ ಕೊಡುವ ಸಂಖ್ಯೆಯನ್ನು, ಹುಡುಕುವ ಕೆಲಸವೆಲ್ಲ ಕೋಸೈನ್‌ಗಳ ಒಂದು ಮೊತ್ತಕ್ಕೆ ಇಳಿಯುತ್ತದೆ.

ಜೋಡಿಗಳ ಗುಣಕಗಳು

ಕೇಂದ್ರದಿಂದ ನೋಡಿದಾಗ ಎರಡು ದ್ವಿಧ್ರುವಗಳ ನಡುವೆ ಇರುವ ಕೋನವನ್ನು ‘ಅಂತರಕೋನ’ ಎನ್ನೋಣ. ಇವೆರಡನ್ನು ಸೇರಿಸುವ ಜ್ಯಾದ ಉದ್ದ, ತ್ರಿಜ್ಯದ ಎರಡರಷ್ಟನ್ನು ಅಂತರಕೋನದ ಅರ್ಧದ ಸೈನ್‌ನಿಂದ ಗುಣಿಸಿದಷ್ಟು. ದ್ವಿಧ್ರುವ ಬಲ ದೂರದ ಘನಕ್ಕೆ ವಿಲೋಮವಾಗಿ ಇಳಿಯುವುದರಿಂದ, ‘ದೂರಗುಣಕ’ ಎಂದರೆ 1 ÷ (8 × ಅರ್ಧ ಅಂತರಕೋನದ ಸೈನ್‌ನ ಘನ). ಇಲ್ಲಿ ಅರ್ಧಕೋನವನ್ನು ಮರೆತು ಪೂರ್ಣ ಕೋನದ ಸೈನ್ ಹಾಕಿದರೆ ಎದುರುಬದುರಿನ ಜೋಡಿಗೆ ಅನಂತ ಬರುತ್ತದೆ. ಅದೊಂದು ಅನುಕೂಲವೇ, ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ.

ಜ್ಯಾ ಎರಡೂ ಕಡೆಯ ಸ್ಪರ್ಶಕಗಳೊಂದಿಗೆ ಅರ್ಧ ಅಂತರಕೋನ ಮಾಡುತ್ತದೆ ಎಂಬುದನ್ನು ಚಿತ್ರ ಬರೆದು ಖಚಿತಪಡಿಸಿಕೊಂಡರೆ, ದ್ವಿಧ್ರುವ ಶಕ್ತಿಯ ಸೂತ್ರದಿಂದ ದಿಕ್ಕಿನ ಗುಣಕಗಳು ಎರಡು ಸಾಲಿನಲ್ಲಿ ಬರುತ್ತವೆ. ಎರಡೂ ಸ್ಪರ್ಶಕದ ದಿಕ್ಕಿಗಿದ್ದರೆ ಗುಣಕ −(3 + ಕೋಸೈನ್) ÷ 2. ಎರಡೂ ತ್ರಿಜ್ಯದ ದಿಕ್ಕಿಗಿದ್ದರೆ (3 − ಕೋಸೈನ್) ÷ 2. ಎರಡೂ ಅಕ್ಷದ ದಿಕ್ಕಿಗಿದ್ದರೆ ಬರೀ 1. ಇಲ್ಲಿ ಕೋಸೈನ್ ಎಂದರೆ ಪೂರ್ಣ ಅಂತರಕೋನದ ಕೋಸೈನ್. ಒಂದು ತ್ರಿಜ್ಯದ ಕಡೆಗೂ ಇನ್ನೊಂದು ಸ್ಪರ್ಶಕದ ಕಡೆಗೂ ಇದ್ದರೆ ಅಂತರಕೋನದ ಸೈನ್‌ನ ಅರ್ಧದಷ್ಟು ಗುಣಕ ಬರುತ್ತದೆ, ಆದರೆ ಎಡಕ್ಕೂ ಬಲಕ್ಕೂ ಅದರ ಚಿಹ್ನೆ ವಿರುದ್ಧವಾಗಿರುವುದರಿಂದ ಈಗಿನ ಮಟ್ಟಿಗೆ ಅದು ಕಳೆದುಹೋಗುತ್ತದೆ. ಅದನ್ನು ಅಳಿಸಿಬಿಡಬೇಡಿ, ಹೊರಗಿನ ಕ್ಷೇತ್ರ ಬಂದಾಗ ಮತ್ತೆ ಬೇಕಾಗುತ್ತದೆ.

ಒಂದು ದ್ವಿಧ್ರುವದ ಮೇಲೆ ಉಳಿದವೆಲ್ಲ ಸೇರಿ ಹೇರುವ ‘ಸ್ಥಳೀಯ ಕ್ಷೇತ್ರ’ ಎಂದರೆ, ಉಳಿದ ಪ್ರತಿಯೊಂದಕ್ಕೂ ದೂರಗುಣಕವನ್ನು (3 + ಕೋಸೈನ್) ÷ 2ರಿಂದ ಗುಣಿಸಿ ಕೂಡಿದ ಮೊತ್ತ. ಆರರ ಉಂಗುರದಲ್ಲಿ ಅಂತರಕೋನಗಳು 60, 120 ಮತ್ತು 180 ಡಿಗ್ರಿ. ದೂರಗುಣಕಗಳು ಕ್ರಮವಾಗಿ 1, 0.19245 ಮತ್ತು 0.125. ಮೊದಲ ಎರಡು ಬಗೆಯ ನೆರೆಯವರು ತಲಾ ಇಬ್ಬರು, ಎದುರಿಗಿರುವವನು ಒಬ್ಬನೇ. ಕೂಡಿದರೆ 3.5 + 0.4811 + 0.125, ಅಂದರೆ ಸ್ಥಳೀಯ ಕ್ಷೇತ್ರ 4.1061.

ಎದುರಿನ ಒಬ್ಬನನ್ನು ಎರಡು ಸಲ ಎಣಿಸುವುದು ಈ ಲೆಕ್ಕದ ಅತಿ ಸಾಮಾನ್ಯ ತಪ್ಪು, ನನ್ನ ಹಾಳೆಯಲ್ಲೂ ಆಗಿದೆ. ಅದನ್ನು ಹಿಡಿಯಲು ಒಟ್ಟು ಶಕ್ತಿಯನ್ನು ಇನ್ನೊಂದು ದಾರಿಯಲ್ಲಿ, ಜೋಡಿಗಳನ್ನು ಎಣಿಸಿ, ಲೆಕ್ಕ ಹಾಕಿ. ಆರು ಕಣಗಳಿಗೆ 15 ಜೋಡಿಗಳು: ನೆರೆಯ 6, ಒಂದು ಬಿಟ್ಟು ಒಂದರ 6, ಎದುರುಬದುರಿನ 3. ಇವು ಕ್ರಮವಾಗಿ −10.5, −1.4434 ಮತ್ತು −0.375 ಕೊಡುತ್ತವೆ, ಮೊತ್ತ −12.318. ಇದು ಸ್ಥಳೀಯ ಕ್ಷೇತ್ರದ ಮೂರು ಪಟ್ಟಿಗೆ, ಋಣಚಿಹ್ನೆಯೊಂದಿಗೆ, ಸಮನಾಗಲೇಬೇಕು. ಸಮನಾಗಿದೆ.

ಎರಡು ಬಿಗಿತಗಳು

ಉಂಗುರವನ್ನು ಒಂದು ಸುತ್ತು ಹಾಕುವಾಗ ಎಷ್ಟು ಪೂರ್ಣ ಅಲೆಗಳು ಎದುರಾಗುತ್ತವೆಯೋ ಅದು ಮೋಡ್‌ನ ಅಲೆಸಂಖ್ಯೆ. ಆರು ಕಣಗಳಿಗೆ ಅದು 0, +1, −1, +2, −2 ಮತ್ತು 3. ಧನ, ಋಣ ಎಂದರೆ ಅಲೆ ಯಾವ ದಿಕ್ಕಿಗೆ ಸುತ್ತುತ್ತಿದೆ ಎಂಬುದು. ಓಲಿದ ಮೊಮೆಂಟನ್ನು ವಿಶ್ರಾಂತ ದಿಕ್ಕಿಗೆ ಹಿಂದೆಳೆಯುವ ಬಲವೇ ಬಿಗಿತ; ಪ್ರತಿ ಮೋಡ್‌ಗೂ ಎರಡು ಬಿಗಿತಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ‘ತ್ರಿಜ್ಯ ಬಿಗಿತ’ ಎಂದರೆ ಸ್ಥಳೀಯ ಕ್ಷೇತ್ರಕ್ಕೆ, ಉಳಿದ ಪ್ರತಿಯೊಂದರ ದೂರಗುಣಕ × (3 − ಕೋಸೈನ್) ÷ 2 × (ಅಲೆಸಂಖ್ಯೆ × ಅಂತರಕೋನ)ದ ಕೋಸೈನ್, ಇವುಗಳ ಮೊತ್ತವನ್ನು ಸೇರಿಸಿದ್ದು. ‘ಅಕ್ಷ ಬಿಗಿತ’ಕ್ಕೂ ಇದೇ ರೀತಿ, ಆದರೆ ಮಧ್ಯದ ಗುಣಕ 1.

ಅಲೆಸಂಖ್ಯೆ 2ನ್ನು ಹತ್ತಿರದಿಂದ ನೋಡೋಣ. ಅಂತರಕೋನ 60 ಡಿಗ್ರಿ ಇರುವ ಇಬ್ಬರಿಗೆ ಬೇಕಾದದ್ದು 120ರ ಕೋಸೈನ್, ಅಂದರೆ −0.5, 120 ಡಿಗ್ರಿಯವರಿಗೆ 240ರ ಕೋಸೈನ್, ಅದೂ −0.5, ಎದುರಿನವನಿಗೆ 360ರ ಕೋಸೈನ್, ಅಂದರೆ 1. ತ್ರಿಜ್ಯದ ಮೊತ್ತದಲ್ಲಿ ನೆರೆಯ ಇಬ್ಬರು 2 × 1 × 1.25 × (−0.5) = −1.25 ಕೊಡುತ್ತಾರೆ, ಮುಂದಿನ ಇಬ್ಬರು −0.3368, ಎದುರಿನವನು +0.25. ಇವನ್ನು 4.1061ಕ್ಕೆ ಸೇರಿಸಿದರೆ ತ್ರಿಜ್ಯ ಬಿಗಿತ 2.7693. ಅಕ್ಷದ ಮೊತ್ತ −1 − 0.1925 + 0.125, ಅಕ್ಷ ಬಿಗಿತ 3.0387.

ಉಳಿದವನ್ನು ಇದೇ ರೀತಿ ಮಾಡಿದರೆ ಅಲೆಸಂಖ್ಯೆ 0ಕ್ಕೆ 7.5297 ಮತ್ತು 6.6160, ಅಲೆಸಂಖ್ಯೆ 1ಕ್ಕೆ 4.7693 ಮತ್ತು 4.7887, ಅಲೆಸಂಖ್ಯೆ 3ಕ್ಕೆ 2.0297 ಮತ್ತು 2.3660 ಬರುತ್ತವೆ, ಮೊದಲನೆಯದು ತ್ರಿಜ್ಯದ್ದು, ಎರಡನೆಯದು ಅಕ್ಷದ್ದು. ಆರೂ ಮೋಡ್‌ಗಳ ತ್ರಿಜ್ಯ ಬಿಗಿತಗಳನ್ನು ಕೂಡಿದರೆ ಸ್ಥಳೀಯ ಕ್ಷೇತ್ರದ ಆರು ಪಟ್ಟು, 24.637, ಬರಬೇಕು. ಅಕ್ಷ ಬಿಗಿತಗಳನ್ನು ಕೂಡಿದರೂ ಅಷ್ಟೇ. ಯಾವ ದ್ವಿಧ್ರುವವೂ ತನ್ನ ಮೇಲೆ ತಾನೇ ಬಲ ಹಾಕದಿರುವುದರ ಪರಿಣಾಮ ಇದು. ಕೋಸೈನ್ ತಪ್ಪುಗಳನ್ನು ಈ ಪರೀಕ್ಷೆ ಹಿಡಿಯುತ್ತದೆ, ಆದರೆ ಎದುರಿನವನನ್ನು ಎರಡು ಸಲ ಎಣಿಸಿದ ತಪ್ಪು ಇಲ್ಲಿ ಸದ್ದಿಲ್ಲದೆ ತೇರ್ಗಡೆಯಾಗುತ್ತದೆ. ಜೋಡಿಗಳ ಎಣಿಕೆಯನ್ನು ಬಿಡಬಾರದು ಎಂದದ್ದು ಅದಕ್ಕೇ.

ಈಗ ಆವೃತ್ತಿ. ದ್ವಿಧ್ರುವ ಒಂದು ಬುಗುರಿಯ ಹಾಗೆ, ಅದನ್ನು ಎಳೆದ ದಿಕ್ಕಿಗೆ ಅದು ಹೋಗುವುದಿಲ್ಲ, ಅದಕ್ಕೆ ಅಡ್ಡಲಾಗಿ ಜಾರುತ್ತದೆ. ತ್ರಿಜ್ಯದ ಓಲು ಬದಲಾಗುವ ವೇಗವನ್ನು ಅಕ್ಷ ಬಿಗಿತ ನಿರ್ಧರಿಸಿದರೆ, ಅಕ್ಷದ ಓಲು ಬದಲಾಗುವ ವೇಗವನ್ನು ತ್ರಿಜ್ಯ ಬಿಗಿತ ನಿರ್ಧರಿಸುತ್ತದೆ. ಆದ್ದರಿಂದ ಆವೃತ್ತಿ ಎಂದರೆ ಎರಡು ಬಿಗಿತಗಳ ಗುಣಲಬ್ಧದ ವರ್ಗಮೂಲ. ಆರರ ಉಂಗುರಕ್ಕೆ ಅದು 0, 1, 2, 3 ಅಲೆಸಂಖ್ಯೆಗಳಿಗೆ ಕ್ರಮವಾಗಿ 7.058, 4.779, 2.901 ಮತ್ತು 2.191. ಮೊಮೆಂಟಿನ ತುದಿ ಬರೆಯುವ ಚಿಕ್ಕ ದೀರ್ಘವೃತ್ತದ ಆಕಾರವೂ ಇದರಲ್ಲೇ ಇದೆ: ಬಿಗಿತ ಕಡಿಮೆ ಇರುವ ಕಡೆಗೆ ಅದು ಹೆಚ್ಚು ಚಾಚಿಕೊಳ್ಳುತ್ತದೆ.

ನೇರವಾಗಿ ಗುಣಲಬ್ಧಕ್ಕೆ ಹಾರಬಾರದೇಕೆ ಎಂಬುದನ್ನು ಎರಡೇ ಕಣಗಳ ‘ಉಂಗುರ’ ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಸ್ಪರ್ಶಕದ ಸುಳಿ ಎಂದರೆ ಅಕ್ಕಪಕ್ಕದಲ್ಲಿ ವಿರುದ್ಧ ದಿಕ್ಕಿನ ಎರಡು ದ್ವಿಧ್ರುವಗಳು. ಅಲೆಸಂಖ್ಯೆ 1ಕ್ಕೆ ತ್ರಿಜ್ಯ ಬಿಗಿತ −0.125, ಅಕ್ಷ ಬಿಗಿತ ಸೊನ್ನೆ. ಗುಣಲಬ್ಧ ಸೊನ್ನೆಯಾಗುವುದರಿಂದ ಆವೃತ್ತಿಯೂ ಸೊನ್ನೆ. ಬರೀ ಆವೃತ್ತಿಯನ್ನು ನೋಡಿದವರು ಇದೊಂದು ನಿರುಪದ್ರವಿ ಮೋಡ್ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ನಿಜದಲ್ಲಿ ತ್ರಿಜ್ಯ ಬಿಗಿತದ ಋಣಚಿಹ್ನೆ ಹೇಳುತ್ತಿರುವುದು ಈ ಜೋಡಣೆ ನಿಲ್ಲುವುದಿಲ್ಲ, ತಿರುಗಿ ತಲೆ–ಬಾಲ ಸಾಲಾಗುತ್ತದೆ ಎಂದು. ಅಕ್ಷ ಬಿಗಿತದ ಸೊನ್ನೆಯಾದರೋ ಜೋಡಿಯನ್ನು ಅದರ ಜ್ಯಾದ ಸುತ್ತ ತಿರುಗಿಸಿದರೆ ಶಕ್ತಿ ಬದಲಾಗುವುದಿಲ್ಲ ಎಂಬ ಸಾಧಾರಣ ಸಂಗತಿ. ಎರಡು ಋಣ ಬಿಗಿತಗಳ ಗುಣಲಬ್ಧ ಧನವಾಗಿಬಿಡುವ ಅಪಾಯವೂ ಇದೆ. ಮೂರು ಕಣಗಳಿಗೆ ಕೆಳಗಿನ ಮೋಡ್‌ನ ಬಿಗಿತಗಳು 0.144 ಮತ್ತು 0.289, ಎರಡೂ ಧನ, ಅಲ್ಲಿಂದಲೇ ಸುಳಿ ಗಟ್ಟಿಯಾಗಿ ಕೂರುತ್ತದೆ.

ನಿಜವಾದ ಸಂಖ್ಯೆಗಳಿಗೆ ಬರುವುದು

30 ನ್ಯಾನೊಮೀಟರ್ ವ್ಯಾಸದ ಪರ್ಮಲಾಯ್ (ನಿಕ್ಕಲ್–ಕಬ್ಬಿಣದ ಮಿಶ್ರಲೋಹ) ಗೋಲಗಳನ್ನು 60 ನ್ಯಾನೊಮೀಟರ್ ತ್ರಿಜ್ಯದ ಉಂಗುರದಲ್ಲಿ ಆರು ಕಡೆ ಇಟ್ಟಿದ್ದೇವೆ ಎನ್ನೋಣ. ಗೋಲವನ್ನೇ ಆರಿಸಲು ಕಾರಣವಿದೆ: ಏಕರೂಪವಾಗಿ ಕಾಂತೀಕರಣಗೊಂಡ ಗೋಲದ ಹೊರಗಿನ ಕ್ಷೇತ್ರ ಬಿಂದು ದ್ವಿಧ್ರುವದ ಕ್ಷೇತ್ರವೇ ಆಗಿರುತ್ತದೆ, ಅಂದಾಜಿನ ಮಾತಿಲ್ಲ. ಪರ್ಮಲಾಯ್‌ನ ಸಂತೃಪ್ತ ಕಾಂತೀಕರಣವನ್ನು ಮೀಟರಿಗೆ 8 × 10⁵ ಆಂಪಿಯರ್ ಎಂದು ಹಿಡಿದು, ಗೋಲದ ಘನಗಾತ್ರದಿಂದ ಗುಣಿಸಿದರೆ ಮೊಮೆಂಟು ಸಿಗುತ್ತದೆ; ಅದರಿಂದ ಬರುವ ಮೂಲ ಕ್ಷೇತ್ರ 5.24 ಮಿಲಿಟೆಸ್ಲಾ. ಎಲೆಕ್ಟ್ರಾನ್ ಸ್ಪಿನ್ ಕ್ಷೇತ್ರದ ಸುತ್ತ ಬುಗುರಿಯಂತೆ ತಿರುಗುವ ದರವಾದ ಟೆಸ್ಲಾಗೆ 28 ಗಿಗಾಹರ್ಟ್ಸ್‌ನಂತೆ ಅದು 0.147 ಗಿಗಾಹರ್ಟ್ಸ್ ಆಗುತ್ತದೆ. ಇದರಿಂದ ಗುಣಿಸಿದರೆ ನಾಲ್ಕು ಆವೃತ್ತಿಗಳು ಸುಮಾರು 1.03, 0.70, 0.43 ಮತ್ತು 0.32 ಗಿಗಾಹರ್ಟ್ಸ್. ಗೋಲ ಮತ್ತು ಉಂಗುರ ಎರಡನ್ನೂ ಒಂದೇ ಪಟ್ಟಿನಲ್ಲಿ ಹಿಗ್ಗಿಸಿದರೆ ಈ ಸಂಖ್ಯೆಗಳು ಬದಲಾಗುವುದಿಲ್ಲ, ಅನುಪಾತವೊಂದೇ ಮುಖ್ಯ. ಆದರೆ ಗೋಲ ತೀರ ದೊಡ್ಡದಾದರೆ ಅದರೊಳಗೇ ಸುಳಿ ಹುಟ್ಟಿ ಏಕರೂಪತೆ ಕೆಡುತ್ತದೆ. ಚಿಕ್ಕದಾದರೆ ಶಾಖದ ನಡುಕ ಕಾಡುತ್ತದೆ: ಈ ಉದಾಹರಣೆಯಲ್ಲಿ ಮೂಲ ಶಕ್ತಿ 300 ಕೆಲ್ವಿನ್‌ನ ಉಷ್ಣಶಕ್ತಿಯ ಸುಮಾರು 14 ಪಟ್ಟು, ಹಾಗಾಗಿ ಪ್ರತಿ ಮೊಮೆಂಟೂ ತ್ರಿಜ್ಯದ ಕಡೆಗೆ ಸರಾಸರಿ 8 ಡಿಗ್ರಿಯಷ್ಟು ಅಲುಗುತ್ತಲೇ ಇರುತ್ತದೆ.

ಅಲೆಸಂಖ್ಯೆ ಹೆಚ್ಚಿದಂತೆ ಆವೃತ್ತಿ ಇಳಿಯುತ್ತಿದೆ ಎಂಬುದು ಗಮನಿಸಬೇಕಾದ ಸಂಗತಿ. ತಂತಿಯಲ್ಲಿ, ಗಾಳಿಯಲ್ಲಿ ನಾವು ಕಂಡ ಅಲೆಗಳು ಹೀಗಲ್ಲ. ಇಲ್ಲಿ ಎಲ್ಲ ದ್ವಿಧ್ರುವಗಳೂ ಒಟ್ಟಿಗೆ ಹೊರಕ್ಕೆ ಓಲಿದರೆ ಅಕ್ಕಪಕ್ಕದವು ಸಮಾಂತರವಾಗಿ ನಿಂತು ಒಂದನ್ನೊಂದು ತಳ್ಳುತ್ತವೆ, ಶಕ್ತಿ ಏರುತ್ತದೆ. ಒಂದು ಒಳಕ್ಕೆ, ಒಂದು ಹೊರಕ್ಕೆ ಓಲಿದರೆ ತಳ್ಳಾಟ ಸೆಳೆತವಾಗುತ್ತದೆ. ಕಣಗಳು ಬಹಳ ಇರುವ ಉಂಗುರದಲ್ಲಿ ಒಂದು ಅಲೆಗುಂಪನ್ನು ಬಿಟ್ಟರೆ, ಅಲೆಯ ಶಿಖರಗಳು ಒಂದು ಕಡೆಗೆ ಓಡುತ್ತಿರುವಾಗ ಗುಂಪು ಇನ್ನೊಂದು ಕಡೆಗೆ ಸಾಗುತ್ತದೆ. ದೊಡ್ಡ ಉಂಗುರಗಳನ್ನು ಹೋಲಿಸುವಾಗ ತ್ರಿಜ್ಯದ ಬದಲು ನೆರೆಯ ಕಣಗಳ ನಡುವಿನ ಅಂತರವನ್ನು ಅಳತೆಗೋಲಾಗಿ ಬಳಸಿ. ಆಗ ಅತಿ ಕೆಳಗಿನ ಆವೃತ್ತಿ ನಾಲ್ಕು ಕಣಗಳಿಗೆ 1.35, ಆರಕ್ಕೆ 2.19, ಹನ್ನೆರಡಕ್ಕೆ 2.79, ಕೊನೆಯಿಲ್ಲದ ನೇರ ಸಾಲಿಗೆ 3.005. ಅಲೆಸಂಖ್ಯೆ 0ರ ಆವೃತ್ತಿ ಆರಕ್ಕೆ 7.06, ಹನ್ನೆರಡಕ್ಕೆ 7.28, ನೇರ ಸಾಲಿಗೆ 7.212. ಮಧ್ಯದಲ್ಲಿ ಒಮ್ಮೆ ಮಿತಿಯನ್ನು ದಾಟಿ ಹೋಗುವುದನ್ನು ಕಂಡು ಗಾಬರಿಯಾಗಬೇಡಿ, ಅದು ವಕ್ರತೆಯ ಕೆಲಸ.

ಯಾವ ಮೋಡ್ ಕಾಣುತ್ತದೆ, ಯಾವುದು ಒಡೆಯುತ್ತದೆ

ಉಂಗುರದ ಮೇಲೆಲ್ಲ ಒಂದೇ ಸಮನಾದ, ಅಕ್ಷದ ದಿಕ್ಕಿನ ಪರ್ಯಾಯ ಕ್ಷೇತ್ರವನ್ನು ಹಾಕಿದರೆ ಅಲೆಸಂಖ್ಯೆ 0 ಮಾತ್ರ ಎಚ್ಚರಗೊಳ್ಳುತ್ತದೆ. ಸಮತಲದೊಳಗಿನ ಏಕರೂಪ ಕ್ಷೇತ್ರದ ತ್ರಿಜ್ಯ ಘಟಕ ಉಂಗುರದ ಸುತ್ತ ಒಮ್ಮೆ ಏರಿ ಒಮ್ಮೆ ಇಳಿಯುವುದರಿಂದ ಅದು +1 ಮತ್ತು −1ನ್ನು ಮಾತ್ರ ಮುಟ್ಟುತ್ತದೆ. 2 ಮತ್ತು 3 ಬೇಕಾದರೆ ಒಂದೇ ಕಣದ ಹತ್ತಿರ ತಂತಿಯನ್ನು ತಂದು ಸ್ಥಳೀಯವಾಗಿ ತಟ್ಟಬೇಕು.

ಇನ್ನು ಅಕ್ಷದ ದಿಕ್ಕಿಗೆ ಸ್ಥಿರ ಕ್ಷೇತ್ರ ಹಾಕಿ. ಎಲ್ಲ ಮೊಮೆಂಟುಗಳೂ ಸ್ವಲ್ಪ ಮೇಲಕ್ಕೆ ಬಾಗುತ್ತವೆ. ಬಾಗಿದ ಕೋನದ ಸೈನ್ ಎಂದರೆ ಹಾಕಿದ ಕ್ಷೇತ್ರವನ್ನು ಅಲೆಸಂಖ್ಯೆ 0ರ ಅಕ್ಷ ಬಿಗಿತದಿಂದ ಭಾಗಿಸಿದ್ದು. ನಮ್ಮ ಉದಾಹರಣೆಯಲ್ಲಿ 34.6 ಮಿಲಿಟೆಸ್ಲಾಕ್ಕೆ ಅವು ಪೂರ್ತಿ ನೆಟ್ಟಗಾಗುತ್ತವೆ. ಹಿಂದೆ ಎತ್ತಿಟ್ಟ ತ್ರಿಜ್ಯ–ಸ್ಪರ್ಶಕ ಗುಣಕ ಈಗ ಕೆಲಸಕ್ಕೆ ಬರುತ್ತದೆ. ಬಾಗಿದ ಮೊಮೆಂಟಿಗೆ ಲಂಬವಾದ ದಿಕ್ಕಿನಲ್ಲಿ ಸ್ಪರ್ಶಕದ ಪಾಲೂ ಇರುವುದರಿಂದ, ಧನ ಮತ್ತು ಋಣ ಅಲೆಸಂಖ್ಯೆಗಳು ಬೇರೆ ಬೇರೆ ಆವೃತ್ತಿಗೆ ಸರಿಯುತ್ತವೆ. ಇವೆರಡರ ನಡುವಿನ ಅಂತರ: ಬಾಗಿದ ಕೋನದ ಸೈನ್ × (ದೂರಗುಣಕ × ಅಂತರಕೋನದ ಸೈನ್ × ಅಲೆಸಂಖ್ಯೆ ಪಟ್ಟು ಅಂತರಕೋನದ ಸೈನ್, ಇವುಗಳ ಮೊತ್ತ). ಆರರ ಉಂಗುರದಲ್ಲಿ ಅಲೆಸಂಖ್ಯೆ 1ಕ್ಕೆ ಆ ಮೊತ್ತ 1.789, 2ಕ್ಕೆ 1.211. ಹೀಗಾಗಿ 3.5 ಮಿಲಿಟೆಸ್ಲಾದಷ್ಟು ಕ್ಷೇತ್ರಕ್ಕೇ +1 ಮತ್ತು −1 ಸುಮಾರು 26 ಮೆಗಾಹರ್ಟ್ಸ್ ದೂರವಾಗುತ್ತವೆ. 0 ಮತ್ತು 3ಕ್ಕೆ ಜೊತೆಗಾರರಿಲ್ಲದ ಕಾರಣ ಅವು ಒಡೆಯುವುದಿಲ್ಲ.

ಇಷ್ಟನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಲು ಲ್ಯಾಂಡಾವ್ ಮತ್ತು ಲಿಫ್ಶಿಟ್ಸ್ 1935ರಲ್ಲಿ ಕೊಟ್ಟ ಚಲನಾ ಸಮೀಕರಣವನ್ನು ಆರು ಸದಿಶಗಳಿಗೆ ಬರೆದು, ಒಂದನ್ನು ಮಾತ್ರ ನೂರರಲ್ಲಿ ಒಂದು ಭಾಗದಷ್ಟು ಓಲಿಸಿ ಬಿಟ್ಟುಬಿಡಿ. 100 ನ್ಯಾನೊಸೆಕೆಂಡ್ ದಾಖಲಿಸಿದರೆ ಆವೃತ್ತಿಯಲ್ಲಿ 10 ಮೆಗಾಹರ್ಟ್ಸ್‌ವರೆಗೆ ಬೇರ್ಪಡಿಸಬಹುದು. ಡ್ಯಾಂಪಿಂಗ್ (ಓಲಾಟ ಕ್ರಮೇಣ ತಗ್ಗುವುದು) ಸೇರಿಸಿದರೆ ಆವೃತ್ತಿಯ ನಕ್ಷೆಯಲ್ಲಿ ಪ್ರತಿ ಮೋಡ್‌ನ ಶಿಖರದ ಅಗಲವು ಡ್ಯಾಂಪಿಂಗ್ ಗುಣಾಂಕವನ್ನು ಎರಡು ಬಿಗಿತಗಳ ಮೊತ್ತದಿಂದ ಗುಣಿಸಿದಷ್ಟಾಗುತ್ತದೆ, ಗುಣಾಂಕ 0.008 ಆದರೆ ಅಲೆಸಂಖ್ಯೆ 0ಕ್ಕೆ ಸುಮಾರು 17, ಅಲೆಸಂಖ್ಯೆ 1ಕ್ಕೆ 11, ಅಲೆಸಂಖ್ಯೆ 3ಕ್ಕೆ 5 ಮೆಗಾಹರ್ಟ್ಸ್. ಅಗಲದಲ್ಲಿ ಬಿಗಿತಗಳ ಮೊತ್ತ, ಆವೃತ್ತಿಯಲ್ಲಿ ಗುಣಲಬ್ಧ: ಎರಡನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಂಡವರಿಗೆ ಇದು ಒಂದೇ ಸಾಲಿನ ಕೆಲಸ.

ಗೋಲಗಳ ಬದಲು ಚಪ್ಪಟೆ ತಟ್ಟೆಗಳಿದ್ದರೆ ತಟ್ಟೆಯ ಆಕಾರದಿಂದಾಗಿ ಮೊಮೆಂಟು ಸಮತಲದಿಂದ ಮೇಲೇಳಲು ಒಪ್ಪುವುದಿಲ್ಲ. ಆ ವಿರೋಧವನ್ನು ಮೂಲ ಕ್ಷೇತ್ರದ ಗುಣಕವಾಗಿ ಅಳೆದು ಎಲ್ಲ ಅಕ್ಷ ಬಿಗಿತಗಳಿಗೂ ಒಂದೇ ಸಮನೆ ಸೇರಿಸಬೇಕು. ತ್ರಿಜ್ಯ ಬಿಗಿತಗಳು ಹಾಗೆಯೇ ಇರುತ್ತವೆ. ಮೇಜಿನ ಮೇಲೆ ದಿಕ್ಸೂಚಿ ಸೂಜಿಗಳ ಉಂಗುರ ಕಟ್ಟಿ ಇದೇ ತರಂಗಗಳನ್ನು ನೋಡಬಹುದೇ ಎಂದು ಕೇಳುವವರಿದ್ದಾರೆ. ಮೋಡ್‌ಗಳ ಆಕಾರ ಅದೇ, ಆವೃತ್ತಿ ಅದೇ ಅಲ್ಲ. ಸೂಜಿ ಬುಗುರಿಯಂತೆ ನಡೆಯುವುದಿಲ್ಲ, ತನ್ನ ಜಡತ್ವದಿಂದ ಸಮತಲದಲ್ಲೇ ಲೋಲಕದಂತೆ ಆಡುತ್ತದೆ, ಅದಕ್ಕೆ ಅಕ್ಷ ಬಿಗಿತದ ಸಂಬಂಧವೇ ಇಲ್ಲ. ಸೂಜಿಗಳು ತಮ್ಮ ನಡುವಿನ ಅಂತರಕ್ಕಿಂತ ಸಾಕಷ್ಟು ಗಿಡ್ಡವಾಗಿದ್ದು, ಹೊರಗಿನ ಕ್ಷೇತ್ರದ ಹಾವಳಿ ಇಲ್ಲದಿದ್ದರೆ, ಅಲೆಸಂಖ್ಯೆ 0 ಮತ್ತು 3ರ ಆವೃತ್ತಿಗಳ ಅನುಪಾತ ತ್ರಿಜ್ಯ ಬಿಗಿತಗಳ ಅನುಪಾತದ ವರ್ಗಮೂಲ, ಅಂದರೆ 1.93 ಬರುತ್ತದೆ, ಸ್ಪಿನ್ ತರಂಗಗಳಲ್ಲಿ ಅದೇ ಅನುಪಾತ 3.22.